ಖಾಲಿ ನಾಡಿಗೂ ನಕ್ಷೆ ಬೇಕೇ?

ಮಕ್ಕಳೇ, ಒಂದು ಲೆಕ್ಕದಿಂದ ಆರಂಭಿಸೋಣ. ಅಮೆರಿಕದ ವಾಯವ್ಯ ಭಾಗದಲ್ಲಿ ಆರೆಗನ್ ಎಂಬ ರಾಜ್ಯವಿದೆ. ಅದರ ಆಗ್ನೇಯ ಭಾಗದಲ್ಲಿ ಹಾರ್ನಿ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹಾರ್ನಿಯ ವಿಸ್ತೀರ್ಣ ಸುಮಾರು 26,500 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಯ ಹತ್ತಿರ ಹತ್ತಿರ ಎರಡರಷ್ಟು! ಹಾಗಾದರೆ ಅಲ್ಲಿನ ಜನಸಂಖ್ಯೆ ಎಷ್ಟಿರಬಹುದು? 2020ರ ಜನಗಣತಿಯ ಪ್ರಕಾರ 7,495. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಲ್ಲಿ ಇರುವಷ್ಟು ಜನ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಬರ್ನ್ಸ್ ಮತ್ತು ಹೈನ್ಸ್ ಎಂಬ ಅಕ್ಕಪಕ್ಕದ ಎರಡು ಪುಟ್ಟ ಪಟ್ಟಣಗಳಲ್ಲಿದ್ದಾರೆ. ಉಳಿದ ಮೂರು ಸಾವಿರದಷ್ಟು ಜನ ಅಷ್ಟು ದೊಡ್ಡ ನಾಡಿನ ತುಂಬ ಅಲ್ಲೊಂದು ಇಲ್ಲೊಂದು ಮನೆ ಮಾಡಿಕೊಂಡಿದ್ದಾರೆ.

ಈ ನಾಡನ್ನು ಅಲ್ಲಿಯವರು 'ಎತ್ತರದ ಮರುಭೂಮಿ' ಎಂದು ಕರೆಯುತ್ತಾರೆ. ಮರುಭೂಮಿ ಎಂದೊಡನೆ ಮರಳಿನ ದಿಬ್ಬ, ಒಂಟೆ ಇವು ನಿಮ್ಮ ಕಣ್ಣಮುಂದೆ ಬಂದವೇ? ಇಲ್ಲಿ ಅವೆರಡೂ ಕಾಣುವುದಿಲ್ಲ. ಸಮುದ್ರಮಟ್ಟದಿಂದ ಸಾವಿರದ ಇನ್ನೂರು ಮೀಟರಿಗೂ ಎತ್ತರದ ಬಯಲು. ಎಲ್ಲಿ ನೋಡಿದರೂ ಬೂದು ಹಸಿರು ಬಣ್ಣದ, ಮೊಣಕಾಲೆತ್ತರದ ಸೇಜ್‌ಬ್ರಷ್ ಪೊದೆಗಳು. ನಡುನಡುವೆ ಕಪ್ಪು ಲಾವಾ ಬಂಡೆ. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಸುಡುವ ಬಿಸಿಲು. ಮಳೆ ತೀರ ಕಡಿಮೆ. ಬಿದ್ದ ಅಲ್ಪಸ್ವಲ್ಪ ಮಳೆಯೂ ಬಹುಪಾಲು ಕಡೆ ಸಮುದ್ರವನ್ನು ಸೇರುವುದಿಲ್ಲ. ತಗ್ಗಿನಲ್ಲಿ ನಿಂತು, ಅಲ್ಲೇ ಆವಿಯಾಗಿ, ಉಪ್ಪಿನ ಪುಡಿ ಹರಡಿದ ಕೆರೆಯಂಗಳವನ್ನು ಬಿಟ್ಟು ಹೋಗುತ್ತದೆ. ಬೇಸಾಯ ಕಷ್ಟವಾದ ಇಂಥ ನೆಲದಲ್ಲಿ ಜನರ ಮುಖ್ಯ ಕಸುಬು ದನ ಸಾಕಣೆ. ಸಾವಿರಾರು ಎಕರೆ ಹುಲ್ಲುಗಾವಲಿರುವ ಅಲ್ಲಿನ ದನದ ಹಿಡುವಳಿಗೆ 'ರಾಂಚ್' ಎಂದು ಹೆಸರು. ಕೌಂಟಿಯ ಮುಕ್ಕಾಲು ಭಾಗ ನೆಲ ಕೇಂದ್ರ ಸರ್ಕಾರದ್ದು. ರಾಂಚಿನವರು ಸರ್ಕಾರಕ್ಕೆ ಶುಲ್ಕ ಕಟ್ಟಿ ಅದರಲ್ಲಿ ದನ ಮೇಯಿಸುತ್ತಾರೆ.

ಇಂಥ ಕಡೆಗೂ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ನ್ಯೂಯಾರ್ಕ್ ನಗರಕ್ಕೆ ಮಾಡಿದಷ್ಟೇ ವಿವರವಾದ ನಕ್ಷೆಗಳನ್ನು ಮಾಡಿತು. ಎರಡಕ್ಕೂ ಒಂದೇ ಪ್ರಮಾಣ, 1:24,000. ಅಂದರೆ ನಕ್ಷೆಯ ಮೇಲಿನ 1 ಸೆಂ.ಮೀ. ನೆಲದ ಮೇಲೆ 240 ಮೀಟರ್. ಒಂದು ಹಾಳೆಯಲ್ಲಿ ಸುಮಾರು 14 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ನೆಲ ಹಿಡಿಯುತ್ತದೆ. ಹಾರ್ನಿ ಕೌಂಟಿಯೊಂದಕ್ಕೇ ಇನ್ನೂರರ ಹತ್ತಿರ ಹಾಳೆಗಳು ಬೇಕು. ಆ ಎರಡು ಪಟ್ಟಣಗಳನ್ನು ಬಿಟ್ಟು ಭಾಗಿಸಿ ನೋಡಿ: ಒಂದು ಹಾಳೆಗೆ ಸರಾಸರಿ ಹದಿನೈದು ಹದಿನಾರು ಜನ! ಒಬ್ಬರೂ ವಾಸವಿಲ್ಲದ ಹಾಳೆಗಳೂ ಇವೆ.

ಇದು ದುಂದುವೆಚ್ಚವಲ್ಲವೇ ಎಂದು ನೀವು ಕೇಳಬಹುದು. ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ಆ ಕೆಲಸದ ಬಹು ಮುಖ್ಯವಾದ ಒಂದು ಭಾಗವನ್ನು ಆ ದೇಶ ಈಚೆಗೆ ಕೈಬಿಟ್ಟಿರುವುದು ತಪ್ಪು ಎಂದೂ ಹೇಳುತ್ತೇನೆ. ಏಕೆಂದು ನೋಡೋಣ.

ಮೊದಲು ಆ ಹಾಳೆಗಳಲ್ಲಿ ಏನಿರುತ್ತದೆ ಎಂದು ತಿಳಿಯಬೇಕು. ಇವು ಸ್ಥಳಾಕೃತಿ ನಕ್ಷೆಗಳು. ಊರು, ರಸ್ತೆಗಳ ಜೊತೆಗೆ ನೆಲದ ಏರುತಗ್ಗುಗಳನ್ನೂ ತೋರಿಸುವ ನಕ್ಷೆಗಳು. ಏರುತಗ್ಗನ್ನು ತೋರಿಸುವುದು ಕಂದು ಬಣ್ಣದ ಸಮೋನ್ನತಿ ರೇಖೆಗಳು. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆಯೇ ಸಮೋನ್ನತಿ ರೇಖೆ. ಕೆರೆ ತುಂಬಿದಾಗ ನೀರಿನ ಅಂಚು ದಂಡೆಯ ಮೇಲೆ ಒಂದು ಗೆರೆ ಬಿಡುತ್ತದೆ. ನೀರು ಒಂದು ಮೊಳ ಇಳಿದಾಗ ಕೆಳಗೆ ಇನ್ನೊಂದು ಗೆರೆ. ಹಾಗೆಯೇ ಇವು ಕೂಡ.

ಹಾರ್ನಿಯಲ್ಲಿ ಸ್ಟೀನ್ಸ್ ಎಂಬ ಪರ್ವತವಿದೆ. ಎತ್ತರ 2,967 ಮೀಟರ್. ಇದು ಎರಡೂ ಕಡೆ ಒಂದೇ ರೀತಿ ಇಳಿಯುವ ಬೆಟ್ಟವಲ್ಲ. ಭೂಮಿಯ ಹೊರಪದರ ಬಿರುಕು ಬಿಟ್ಟು, ಒಂದು ದೊಡ್ಡ ಹೋಳು ಒಂದು ಪಕ್ಕಕ್ಕೆ ವಾಲಿ ಮೇಲೆದ್ದು ಆದದ್ದು. ಅರ್ಧ ತೆರೆದ ನೆಲಮಾಳಿಗೆಯ ಬಾಗಿಲಿನಂತೆ! ಪಶ್ಚಿಮಕ್ಕೆ ಅದು ಹತ್ತಾರು ಕಿಲೋಮೀಟರ್ ಮೆಲ್ಲಗೆ ಇಳಿಯುತ್ತದೆ. ಪೂರ್ವಕ್ಕೆ ಸುಮಾರು 5 ಕಿ.ಮೀ. ದೂರದಲ್ಲೇ 1,700 ಮೀಟರಿನಷ್ಟು ಕುಸಿದು ಆಲ್ವರ್ಡ್ ಎಂಬ ಒಣ ಕೆರೆಯಂಗಳವನ್ನು ಸೇರುತ್ತದೆ. 40 ಅಡಿ, ಅಂದರೆ 12 ಮೀಟರಿಗೆ ಒಂದು ಗೆರೆ ಎಂದಿಟ್ಟುಕೊಳ್ಳಿ. ನಕ್ಷೆಯ ಮೇಲೆ ಒಂದು ಗೇಣು ಜಾಗದಲ್ಲಿ ನೂರ ನಲವತ್ತು ಗೆರೆಗಳು ಬಂದು ತುಂಬುತ್ತವೆ. ಅದನ್ನು ದಾಟಿ ಆಲ್ವರ್ಡಿಗೆ ಬಂದರೆ ಗೆರೆಯೇ ಇಲ್ಲ. ಅಷ್ಟು ಸಮತಟ್ಟು. ಆ ಪರ್ವತವನ್ನು ಒಮ್ಮೆಯೂ ನೋಡದವರು ಕೂಡ ಹಾಳೆಯನ್ನು ನೋಡಿ, ಈ ಕಡೆಯಿಂದ ದನ ಹತ್ತಬಲ್ಲದು, ಆ ಕಡೆಯಿಂದ ಆಗದು ಎಂದು ಹೇಳಬಹುದು.

ಆದರೆ ದನ ಸಾಕುವವರು ಗುಡ್ಡಕ್ಕಿಂತ ಮೊದಲು ಹುಡುಕುವುದು ನೀಲಿ ಬಣ್ಣವನ್ನು. ಬಿಸಿಲುಗಾಲದಲ್ಲಿ ಒಂದು ಹಸು ದಿನಕ್ಕೆ ಐವತ್ತು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಹುಲ್ಲು ಎಷ್ಟೇ ಇರಲಿ, ನೀರಿನಿಂದ ತುಂಬ ದೂರವಿದ್ದರೆ ಆ ಹುಲ್ಲು ಇದ್ದೂ ಇಲ್ಲದ ಹಾಗೆ. ಆದ್ದರಿಂದ ಈ ಹಾಳೆಗಳಲ್ಲಿ ನೀರಿಗೆ ಬಗೆಬಗೆಯ ಸಂಕೇತಗಳಿವೆ. ವರ್ಷವಿಡೀ ಹರಿಯುವ ತೊರೆಗೆ ಬಿಡದೆ ಎಳೆದ ನೀಲಿ ಗೆರೆ. ಮಳೆ ಬಂದಾಗ ಮಾತ್ರ ಹರಿಯುವುದಕ್ಕೆ ತುಂಡು ಗೆರೆ ಮತ್ತು ಚುಕ್ಕೆ. ಒರತೆಗೆ ಬಾಲವಿರುವ ಪುಟ್ಟ ವೃತ್ತ. ಇವುಗಳ ಜೊತೆಗೆ ನೀರೆತ್ತುವ ಗಾಳಿಯಂತ್ರ, ನೀರಿನ ತೊಟ್ಟಿ, ನಮ್ಮ ಗೋಕಟ್ಟೆಯಂಥ ಸಣ್ಣ ಕಟ್ಟೆಗಳು. ನಮ್ಮ ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲೂ ಹೀಗೆಯೇ ನೀರಿರುವ ಕೆರೆ ಬೇರೆ, ಒಣಗಿದ ಕೆರೆ ಬೇರೆ. ಕಲ್ಲು ಕಟ್ಟಿದ ಬಾವಿ ಬೇರೆ, ಕಟ್ಟದ ಬಾವಿ ಬೇರೆ. ನಿಮ್ಮ ಮೇಷ್ಟ್ರು ಅಂಥ ಹಾಳೆಯೊಂದನ್ನು ತಂದರೆ ಹುಡುಕಿ ನೋಡಿ.

ಈಗ ಹೇಳಿ, ಆ ನಾಡು ಖಾಲಿಯೇ?

ಸರಿಯಾದ ನಕ್ಷೆ ಇಲ್ಲದಿದ್ದ ಕಾಲದಲ್ಲಿ ಏನಾಗುತ್ತಿತ್ತು ಎಂಬುದನ್ನೂ ಸ್ವಲ್ಪ ನೋಡಬೇಕು. 1860ರಲ್ಲಿ ಅಲ್ಲಿನ ಸರ್ಕಾರ 'ಜೌಗು ಭೂಮಿ' ಕಾನೂನನ್ನು ಆರೆಗನ್ನಿಗೂ ಅನ್ವಯಿಸಿತು. ನೀರು ನಿಂತು ಕೆಲಸಕ್ಕೆ ಬಾರದ ನೆಲವನ್ನು ಜನ ಅಗ್ಗದ ಬೆಲೆಗೆ ಕೊಳ್ಳಬಹುದಿತ್ತು. ಒಳ್ಳೆಯ ಹುಲ್ಲುಗಾವಲೇ ಜೌಗು ಎಂದು ಸುಳ್ಳು ಹೇಳಿ ಕೊಂಡವರು ಬಹಳ. ಪಶ್ಚಿಮ ಅಮೆರಿಕದಲ್ಲಿ ಇಂದಿಗೂ ಹೇಳುವ ಒಂದು ಕಥೆಯಿದೆ. ಒಬ್ಬ ದನದ ಸಾಹುಕಾರ ದೋಣಿಯನ್ನು ಕುದುರೆ ಗಾಡಿಯ ಮೇಲೆ ಏರಿಸಿ, ತಾನು ಅದರಲ್ಲಿ ಕುಳಿತು ಒಣ ನೆಲದ ಮೇಲೆಲ್ಲ ಸುತ್ತಿ ಬಂದನಂತೆ. ಆಮೇಲೆ 'ಈ ನೆಲವನ್ನು ನಾನು ದೋಣಿಯಲ್ಲೇ ದಾಟಿದೆ' ಎಂದು ಪ್ರಮಾಣ ಮಾಡಿದನಂತೆ! ನಡೆದದ್ದೋ ಕಟ್ಟಿದ್ದೋ, ಕಥೆಯಂತೂ ಆ ಕಾಲವನ್ನು ಚೆನ್ನಾಗಿ ತೋರಿಸುತ್ತದೆ. ಇದಕ್ಕೂ ವಿಚಿತ್ರವಾದ ಸಂಗತಿ ಇನ್ನೊಂದಿದೆ, ಮತ್ತು ಇದು ಕಥೆಯಲ್ಲ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮದ ಭೂಮಾಪನದ ಗುತ್ತಿಗೆ ಹಿಡಿದ ಕೆಲವರು ಜಾಗಕ್ಕೆ ಹೋಗಲೇ ಇಲ್ಲ. ಕುಳಿತಲ್ಲೇ ಅಳತೆ ಪುಸ್ತಕ ತುಂಬಿಸಿ ಸರ್ಕಾರದಿಂದ ಹಣ ಪಡೆದರು.

ಇನ್ನು ಮಲ್ಹೂರ್ ಸರೋವರದ ವಿಷಯ. ಅದು ಹಾರ್ನಿಯಲ್ಲೇ ಇದೆ. ತುಂಬ ವಿಶಾಲ, ಆದರೆ ಆಳವೇ ಇಲ್ಲ. ಹಾಗಾಗಿ ನೀರು ಒಂದಡಿ ಏರಿದರೆ ದಂಡೆ ಬಹಳ ದೂರ ಸರಿಯುತ್ತದೆ. 1930ರ ದಶಕದ ಬರದಲ್ಲಿ ಅದು ಒಣಗಿತು. 1980ರ ದಶಕದಲ್ಲಿ ಪಕ್ಕದ ಹಾರ್ನಿ ಸರೋವರವನ್ನೂ ಕೂಡಿಕೊಂಡು ಹುಲ್ಲುಗಾವಲು, ರಸ್ತೆ ಎಲ್ಲವನ್ನೂ ನುಂಗಿತು. ಇಂಥ ಸರೋವರದ ಅಂಚನ್ನು ನಕ್ಷೆಯಲ್ಲಿ ಎಲ್ಲಿ ಎಳೆಯುತ್ತೀರಿ? ಹಿಂದೆ ಅಳತೆಯವರು ಎಳೆದ ಗೆರೆ ಒಂದು ಕಡೆ, ನೀರು ಇನ್ನೊಂದು ಕಡೆ. ನಡುವೆ ಹೊರಬಿದ್ದ ನೆಲ ಯಾರದು? ಸರೋವರದ ಸುತ್ತ ಜಮೀನಿದ್ದ ಪೀಟರ್ ಫ್ರೆಂಚ್ ಎಂಬ ದೊಡ್ಡ ರಾಂಚ್ ಒಡೆಯನಿಗೂ ಹೊಸದಾಗಿ ಬಂದು ನೆಲೆಸಿದ ಬಡ ರೈತರಿಗೂ ಇದೇ ಜಗಳ. ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಕೊನೆಗೆ 1897ರ ಡಿಸೆಂಬರಿನಲ್ಲಿ, ನೆಲದ ವ್ಯಾಜ್ಯವಿದ್ದ ರೈತನೊಬ್ಬ ಫ್ರೆಂಚನನ್ನು ಗುಂಡಿಟ್ಟು ಕೊಂದ. ಒಂದು ಗೆರೆಯ ಬೆಲೆ ಎಷ್ಟು ನೋಡಿ.

ಇಡೀ ದೇಶಕ್ಕೆ ಒಳ್ಳೆಯ ಸ್ಥಳಾಕೃತಿ ನಕ್ಷೆ ಬೇಕು ಎಂದು ಹಟ ಹಿಡಿದವರು ಜಾನ್ ವೆಸ್ಲಿ ಪೊವೆಲ್. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದರೂ 1869ರಲ್ಲಿ ಭೋರ್ಗರೆಯುವ ಕೊಲರಾಡೊ ನದಿಯಲ್ಲಿ ದೋಣಿಯ ಮೇಲೆ ಸಾಗಿ ಶೋಧನೆ ನಡೆಸಿದ ಧೀರ ಇವರು. ಒಣ ನಾಡಿನಲ್ಲಿ ನೆಲಕ್ಕೆ ಬೆಲೆ ಬರುವುದು ನೀರಿನಿಂದ, ಆದ್ದರಿಂದ ನೀರು ಎಲ್ಲಿದೆ ಎಂದು ತಿಳಿಯದೆ ನೆಲ ಹಂಚಬಾರದು ಎಂದು ಅವರು 1878ರಲ್ಲೇ ವರದಿ ಬರೆದರು. ಸರ್ವೇಕ್ಷಣಾ ಸಂಸ್ಥೆ ಹುಟ್ಟಿದ್ದು 1879ರಲ್ಲಿ. 1881ರಲ್ಲಿ ಪೊವೆಲ್ ಅದರ ಎರಡನೆಯ ನಿರ್ದೇಶಕರಾದರು. ಅಂದು ಆರಂಭವಾದ ನಕ್ಷೆಯ ಕೆಲಸ ಹಂತಹಂತವಾಗಿ ವಿವರವನ್ನು ಹೆಚ್ಚಿಸಿಕೊಳ್ಳುತ್ತ ಬಂತು. ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳ 1:24,000 ಹಾಳೆಗಳು ಮುಗಿದದ್ದು 1992ರಲ್ಲಿ. ಒಟ್ಟು ಸುಮಾರು 55,000 ಹಾಳೆಗಳು!

ಇವನ್ನು ಮಾಡಿದ್ದು ಹೇಗೆ? ನಿಮ್ಮ ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಬಲಗಣ್ಣು, ಒಮ್ಮೆ ಎಡಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ ಅಲ್ಲವೇ? ಹತ್ತಿರದ ವಸ್ತು ಹೆಚ್ಚು ಜಿಗಿಯುತ್ತದೆ, ದೂರದ್ದು ಕಡಿಮೆ. ವಿಮಾನದಿಂದ ಒಂದೇ ಜಾಗವನ್ನು ಎರಡು ಕಡೆಯಿಂದ ಫೋಟೊ ತೆಗೆದರೂ ಹೀಗೆಯೇ. ವಿಮಾನಕ್ಕೆ ಹತ್ತಿರವಿರುವ ಬೆಟ್ಟದ ತುದಿ ಹೆಚ್ಚು ಜಿಗಿಯುತ್ತದೆ, ಕಣಿವೆ ಕಡಿಮೆ. ಆ ಜಿಗಿತವನ್ನು ಯಂತ್ರದಲ್ಲಿ ಅಳೆದು ಎತ್ತರ ಕಂಡುಹಿಡಿದು ಸಮೋನ್ನತಿ ರೇಖೆಗಳನ್ನು ಎಳೆಯುತ್ತಿದ್ದರು.

ಅಷ್ಟಕ್ಕೇ ಕೆಲಸ ಮುಗಿಯುತ್ತಿರಲಿಲ್ಲ. ನಕ್ಷೆಯವರು ಆ ಫೋಟೊಗಳನ್ನು ಹಿಡಿದು ಜಾಗಕ್ಕೇ ಹೋಗುತ್ತಿದ್ದರು. ಫೋಟೊದಲ್ಲಿ ಕಾಣುವ ಕಪ್ಪು ಚುಕ್ಕೆ ಗೋಕಟ್ಟೆಯೋ, ಜೂನಿಪರ್ ಮರದ ನೆರಳೋ? ಈ ದಾರಿ ಜೀಪಿನದೋ, ದನ ತುಳಿದದ್ದೋ? ಈ ತೊರೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆಯೋ? ಮೇಲಿನಿಂದ ನೋಡಿದರೆ ಇವು ತಿಳಿಯುವುದಿಲ್ಲ. ಅಲ್ಲಿ ಬದುಕುವವರನ್ನು ಕೇಳಬೇಕು. ಹೆಸರುಗಳನ್ನೂ ಹಾಗೆಯೇ ಕೇಳಿ ಬರೆದುಕೊಳ್ಳುತ್ತಿದ್ದರು. ಅಲ್ಲಿ ಓವೈಹೀ ಎಂಬ ನದಿಯಿದೆ. ಅದು 'ಹವಾಯಿ' ಎಂಬುದರ ಹಳೆಯ ಬರೆವಣಿಗೆ! ಸುಮಾರು ಇನ್ನೂರು ವರ್ಷಗಳ ಹಿಂದೆ ತುಪ್ಪಳದ ವ್ಯಾಪಾರಿಗಳ ಜೊತೆ ಬಂದ ಹವಾಯಿ ದ್ವೀಪದ ಮೂವರು ಆ ನದಿಯ ಕಡೆ ಹೋದವರು ಹಿಂದಿರುಗಲೇ ಇಲ್ಲ. ಅವರ ನೆನಪಿಗೆ ಆ ಹೆಸರು. ಇದನ್ನು ಯಾವ ಕ್ಯಾಮೆರಾ ಹೇಳೀತು?

ಹಳೆಯ ಹಾಳೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ನೇರಳೆ ಬಣ್ಣ. ಕೆಲವು ವರ್ಷಗಳ ಮೇಲೆ ಹೊಸ ಫೋಟೊ ನೋಡಿ ನಕ್ಷೆಯನ್ನು ತಿದ್ದಿದಾಗ, ಜಾಗಕ್ಕೆ ಹೋಗಿ ನೋಡಲಾಗದಿದ್ದರೆ, ಆ ತಿದ್ದುಪಡಿಗಳನ್ನು ಮಾತ್ರ ನೇರಳೆ ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದರು. ಇವನ್ನು ಸ್ಥಳದಲ್ಲಿ ಪರೀಕ್ಷಿಸಿಲ್ಲ ಎಂದು ಅಂಚಿನಲ್ಲಿ ಬರೆಯುತ್ತಿದ್ದರು. ನೋಡಿ ಬಂದದ್ದು ಯಾವುದು, ನೋಡದೆ ಬರೆದದ್ದು ಯಾವುದು ಎಂದು ನಕ್ಷೆಯೇ ಬಾಯಿಬಿಟ್ಟು ಹೇಳುತ್ತಿತ್ತು. ವಿಜ್ಞಾನದ ಒಳ್ಳೆಯ ನಡತೆ ಎಂದರೆ ಇದು.

2009ರಿಂದ ಆ ಸಂಸ್ಥೆ ಹೊಸ ಬಗೆಯ ನಕ್ಷೆಗಳನ್ನು ತರತೊಡಗಿತು. 'ಯುಎಸ್ ಟೊಪೊ' ಎಂದು ಹೆಸರು. ಇವನ್ನು ಕಂಪ್ಯೂಟರು ಬೇರೆ ಬೇರೆ ಮಾಹಿತಿ ಭಂಡಾರಗಳಿಂದ ಜೋಡಿಸುತ್ತದೆ. ಮೂರು ಮೂರು ವರ್ಷಕ್ಕೊಮ್ಮೆ ಹೊಸ ಹಾಳೆ ಎಂಬ ಗುರಿ. ಯಾರು ಬೇಕಾದರೂ ಇಂಟರ್‌ನೆಟ್ಟಿನಿಂದ ಉಚಿತವಾಗಿ ಪಡೆಯಬಹುದು. ವಿಮಾನದಿಂದ ಲೇಸರ್ ಬೆಳಕನ್ನು ನೆಲಕ್ಕೆ ಬಿಟ್ಟು ಎತ್ತರ ಅಳೆಯುವ 'ಲೈಡಾರ್' ವಿಧಾನವೂ ಈಗ ಬಂದಿದೆ. ಅದರ ನಿಖರತೆ ಸುಮಾರು 10 ಸೆಂ.ಮೀ.! ಹಳೆಯ ಹಾಳೆಯಲ್ಲಿ 40 ಅಡಿಗೊಂದು ಗೆರೆಯಿದ್ದರೆ, 20 ಅಡಿಯವರೆಗೆ ಹೆಚ್ಚುಕಡಿಮೆಯಾದರೂ ಸರಿ ಎಂದು ಒಪ್ಪುತ್ತಿದ್ದರು. ಎತ್ತರದ ವಿಷಯದಲ್ಲಿ ಹೊಸದೇ ಗೆದ್ದಿತು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಜಾಗಕ್ಕೆ ಹೋಗಿ ನೋಡುವ ಕೆಲಸ ನಿಂತಿತು. ಆರಂಭದ ವರ್ಷಗಳ ಯುಎಸ್ ಟೊಪೊ ಹಾಳೆಗಳಲ್ಲಿ ಕಾಲುದಾರಿ, ವಿದ್ಯುತ್ ತಂತಿಯ ಸಾಲು, ಕೊಳವೆ ಮಾರ್ಗ, ಒಂಟಿ ಮನೆ, ಗಾಳಿಯಂತ್ರ ಇವೆಲ್ಲ ಬಿಟ್ಟುಹೋದವು. ಇವುಗಳಿಗೆ ಇಡೀ ದೇಶದ ಮಾಹಿತಿ ಭಂಡಾರ ಇಲ್ಲ ಎಂಬುದು ಕಾರಣ. ನಗರದಲ್ಲಿ ಒಂದು ಮನೆ ಬಿಟ್ಟುಹೋದರೆ ಏನೂ ಆಗುವುದಿಲ್ಲ. ನಲವತ್ತು ಕಿಲೋಮೀಟರಿಗೆ ಒಂದೇ ಮನೆ ಇರುವ ಕಡೆ ಆ ಮನೆಯೇ ಊರು! ಇನ್ನು ತೊರೆ, ಒರತೆಗಳ ಮಾಹಿತಿ ಬಂದದ್ದು ಬಹುಪಾಲು ಎಲ್ಲಿಂದ? ಹಳೆಯ ಕಾಗದದ ಹಾಳೆಗಳಿಂದಲೇ. ಐವತ್ತು ಅರವತ್ತು ವರ್ಷಗಳ ಹಿಂದೆ ಯಾರೋ ನಡೆದು ಹೋಗಿ ಗುರುತಿಸಿದ ಒರತೆಯನ್ನು ಕಂಪ್ಯೂಟರು ನಕಲು ಮಾಡಿಕೊಂಡಿತು. ಅದು ಈಗಲೂ ಜಿನುಗುತ್ತಿದೆಯೇ, ಬತ್ತಿ ಹೋಯಿತೇ? ಹಾಳೆಯ ಮೇಲಿನ ತಾರೀಖು ಹೊಸದು, ಒರತೆಯ ಸುದ್ದಿ ಹಳೆಯದು. ನೇರಳೆ ಬಣ್ಣವೂ ಇಲ್ಲ. ಬಾಯಾರಿದವರು ಆ ನೀಲಿ ಗುರುತನ್ನು ನಂಬಿ ಹತ್ತು ಕಿಲೋಮೀಟರ್ ನಡೆದು ಹೋದರೆ?

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2012ರ ಜುಲೈನಲ್ಲಿ ಪಕ್ಕದ ಮಲ್ಹೂರ್ ಕೌಂಟಿಯಲ್ಲಿ ಸಿಡಿಲಿನಿಂದ ಹೊತ್ತಿದ 'ಲಾಂಗ್ ಡ್ರಾ' ಎಂಬ ಕಾಳ್ಗಿಚ್ಚು ಸುಮಾರು 2,250 ಚದರ ಕಿಲೋಮೀಟರ್ ಹುಲ್ಲುಗಾವಲನ್ನು ಸುಟ್ಟಿತು. ನೂರಾರು ದನಗಳು ಸತ್ತವು. ಅಂಥ ಹೊತ್ತಿನಲ್ಲಿ ಮೊದಲು ಓಡಿಬರುವವರು ಅಲ್ಲಿನ ರಾಂಚಿನವರೇ. ಅವರು ತಮ್ಮದೇ ಸ್ವಯಂಸೇವಾ ಅಗ್ನಿಶಾಮಕ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಅವರಿಗೆ ನಕ್ಷೆ ಬೇಕಿಲ್ಲ. ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಯಾವ ಬೇಲಿಗೆ ಎಲ್ಲಿ ಗೇಟಿದೆ, ಯಾವ ತೊಟ್ಟಿಯಲ್ಲಿ ನೀರಿದೆ ಎಂಬುದು ಅವರ ತಲೆಯಲ್ಲಿದೆ. ದೂರದೂರಿನಿಂದ ಸಹಾಯಕ್ಕೆ ಬರುವ ಅಗ್ನಿಶಾಮಕ ಸಿಬ್ಬಂದಿಗೆ ಇದು ಹೇಗೆ ಗೊತ್ತಾಗಬೇಕು? ಹೊಗೆಯ ನಡುವೆ ತಪ್ಪು ದಾರಿ ಹಿಡಿದು ಮುಚ್ಚಿದ ಕಣಿವೆಯನ್ನು ಹೊಕ್ಕರೆ ಹಿಂದಕ್ಕೆ ಬರುವುದು ಕಷ್ಟ. ಮೊಬೈಲ್ ಫೋನಿನಲ್ಲಿ ನಕ್ಷೆ ಇದೆಯಲ್ಲ ಎನ್ನಬೇಡಿ. ಆ ನಾಡಿನ ಎಷ್ಟೋ ಕಡೆ ಸಿಗ್ನಲ್ಲೇ ಸಿಗುವುದಿಲ್ಲ.

55,000 ಹಾಳೆಗಳಿಗೆ ಮತ್ತೆ ಜನರನ್ನು ಕಳುಹಿಸಲು ಹಣ ಎಲ್ಲಿದೆ ಎಂದು ಅಲ್ಲಿನ ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಳೆಯ ವಿಧಾನದಲ್ಲಿ ಒಂದು ಹಾಳೆಯನ್ನು ಒಮ್ಮೆ ಮಾಡಿದರೆ ಮತ್ತೆ ತಿದ್ದಲು ಎಷ್ಟೋ ವರ್ಷ ಹಿಡಿಯುತ್ತಿತ್ತು. 1992ರ ಹೊತ್ತಿಗೆ ಕೊನೆಯ ಹಾಳೆ ಅಚ್ಚಾದಾಗ ಮೊದಮೊದಲ ಹಾಳೆಗಳು ಮುದಿಯಾಗಿದ್ದವು. ಬೇಗ ಮುಗಿಸಲೆಂದು ಕೊನೆಯ ಹಂತದ ಕೆಲವು ಹಾಳೆಗಳಲ್ಲಿ ಹೆಸರುಗಳನ್ನು ಕೈಬರಹದಲ್ಲೇ ಬಿಟ್ಟು, 'ತಾತ್ಕಾಲಿಕ' ಎಂದು ಮುದ್ರೆ ಹಾಕಿ ಹೊರತಂದದ್ದೂ ಉಂಟು. ಆದ್ದರಿಂದ ಹಳೆಯದೇ ಚಿನ್ನ ಎಂದು ನಾನು ವಾದಿಸುವುದಿಲ್ಲ. ಎತ್ತರವನ್ನು ಲೇಸರ್ ಅಳೆಯಲಿ. ರಸ್ತೆಯನ್ನು ಉಪಗ್ರಹ ನೋಡಲಿ. ನೀರು, ಗೇಟು, ದಾರಿ, ಹೆಸರು, ಈ ನಾಲ್ಕನ್ನು ಮಾತ್ರ ನೆಲದ ಮೇಲಿರುವವರನ್ನು ಕೇಳಿ ಬರೆಯಲಿ. ಕೇಳಿ ಎಷ್ಟು ವರ್ಷವಾಯಿತು ಎಂಬುದನ್ನೂ ಪಕ್ಕದಲ್ಲೇ ನಮೂದಿಸಲಿ. ಪರೀಕ್ಷಿಸದೇ ಇದ್ದದ್ದು ಮೊದಲಿನಂತೆ ನೇರಳೆಯಲ್ಲಿರಲಿ.

ಕೇಳುವುದು ಯಾರನ್ನು? ಇದಕ್ಕೂ ಅಲ್ಲೇ ದಾರಿಯಿದೆ. ಸರ್ವೇಕ್ಷಣಾ ಸಂಸ್ಥೆ ಸ್ವಯಂಸೇವಕರಿಂದ ಶಾಲೆ, ಅಂಚೆ ಕಚೇರಿ, ಅಗ್ನಿಶಾಮಕ ಠಾಣೆ, ಸ್ಮಶಾನಗಳ ಮಾಹಿತಿಯನ್ನು ತಿದ್ದಿಸಿಕೊಂಡದ್ದಿದೆ. ಆ ಪಟ್ಟಿಗೆ ಒರತೆ, ಗೋಕಟ್ಟೆ, ಗೇಟುಗಳನ್ನು ಸೇರಿಸಿದರೆ ಆಯಿತು. ಹಾರ್ನಿ ಕೌಂಟಿಯ ಕ್ರೇನ್ ಎಂಬ ಪುಟ್ಟ ಊರಿನಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಯಿದೆ. ಮಕ್ಕಳ ಮನೆಗಳು ಎಷ್ಟು ದೂರವೆಂದರೆ ದಿನಾ ಬಂದು ಹೋಗಲಾಗದು. ಅದಕ್ಕಾಗಿ ಶಾಲೆಗೇ ವಸತಿ ನಿಲಯವಿದೆ. ವಾರವೆಲ್ಲ ಅಲ್ಲೇ ಇದ್ದು ಓದುತ್ತಾರೆ, ರಜೆಗೆ ತಮ್ಮ ತಮ್ಮ ರಾಂಚಿಗೆ ಹೋಗುತ್ತಾರೆ. ಹುಟ್ಟಿದಾಗಿನಿಂದ ದನದ ಹಿಂದೆ ತಿರುಗಿದ ಈ ಮಕ್ಕಳಿಗೆ ಯಾವ ಒರತೆ ಆಗಸ್ಟಿನಲ್ಲಿ ಬತ್ತುತ್ತದೆ, ಯಾವ ದಾರಿ ಹಿಮ ಕರಗಿದಾಗ ಕೆಸರಾಗುತ್ತದೆ ಎಂಬುದು ಅಂಗೈಯಷ್ಟು ಸ್ಪಷ್ಟ. ಅವರ ಕೈಗೆ ತಮ್ಮ ತಮ್ಮ ಮನೆಯ ಸುತ್ತಲಿನ ಒಂದೊಂದು ಹಾಳೆ, ಒಂದೊಂದು ನೇರಳೆ ಪೆನ್ಸಿಲ್ ಕೊಟ್ಟು ಕಳುಹಿಸಲಿ. ರಜೆ ಮುಗಿಸಿ ಬರುವಾಗ ಎಷ್ಟು ಹಾಳೆಗಳು ತಿದ್ದಿ ಬರುತ್ತವೆಯೋ ನೋಡೋಣ.